ಗಾಜಿನ ತಟ್ಟೆಯಲ್ಲಿ ಪ್ರಬುದ್ಧ

"ಚೂರ ಚರ್ಮ ಕೊಡ್ತೀರೇನ್ರಿ?"

ಪ್ರಬುದ್ಧನಿಗೆ ನಾನು ಆಡಿದ ಮೊದಲ ಮಾತು ಇದು. ಹುನಗುಂದದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಅವನು ತರಬೇತಿಗೆಂದು ಬಾಗಲಕೋಟೆಯ ನಮ್ಮ ಲ್ಯಾಬಿಗೆ ಬಂದಿದ್ದ. ರೋಗಿಗಳ ಜೀವಕೋಶಗಳ ಜೊತೆ ಹೋಲಿಸಿ ನೋಡಲು ನನಗೊಬ್ಬ ಆರೋಗ್ಯವಂತ ಬೇಕಾಗಿದ್ದ.

"ನೋಡಿದ ಕೂಡ್ಲೆ ಚರ್ಮಾನ ಕೇಳ್ತೀರಲ್ರಿ ಮೇಡಂ, ಹೆಸರರ ಕೇಳ್ರಿ," ಎಂದು ನಗುತ್ತಲೇ ಅಂಗಿಯ ತೋಳು ಮಡಚಿದ.

ಅಕ್ಕಿಕಾಳಿನಷ್ಟು ಚರ್ಮ. ಅದರಿಂದ ನಾನು ಮಿದುಳಿನ ನರಕೋಶಗಳನ್ನು ಬೆಳೆಸಿದೆ. ಅವನು ಹುನಗುಂದದಲ್ಲಿ ಪಾಠ ಮಾಡುತ್ತಿದ್ದರೆ ಅವನ ನರಕೋಶಗಳು ನನ್ನ ಗಾಜಿನ ತಟ್ಟೆಯಲ್ಲಿ ಒಂದಕ್ಕೊಂದು ಎಳೆ ಚಾಚುತ್ತಿದ್ದವು. ಲ್ಯಾಬಿನಲ್ಲಿ ಒಬ್ಬಳೇ ಇರುವಾಗ ಬೆನ್ನ ಹಿಂದೆ ಯಾರೋ ಯೋಚನೆ ಮಾಡುತ್ತ ಕೂತಂತೆ ಅನಿಸುತ್ತಿತ್ತು. ನಾನು ಪುಕ್ಕಲು ಹೆಣ್ಣಲ್ಲ. ಆದರೂ ಬಾಗಿಲು ಹಾಕುವಾಗ ತಿರುಗಿ ನೋಡುತ್ತಿದ್ದೆ.

ಈ ಕೋಶಗಳ ಬಗ್ಗೆ ನಾನು ಬರೆದ ಸಂಶೋಧನಾ ಪೇಪರ್ ನನ್ನ ಅದೃಷ್ಟ ಖುಲಾಯಿಸಿತು. ದಾನಿಯ ಹೆಸರು ಗುಟ್ಟಾಗಿಟ್ಟು, ಕೇಳಿದ ಲ್ಯಾಬುಗಳಿಗೆಲ್ಲ ಆ ಕೋಶಗಳನ್ನು ಕಳಿಸಿದೆ. ಯಾವ ದೇಶದಲ್ಲಿ ಯಾರು ನನ್ನ ಪೇಪರ್ ಉಲ್ಲೇಖಿಸಿದರೂ ಫೋನಿಗೆ ಅಲರ್ಟ್ ಬರುತ್ತಿತ್ತು. ಈ ಉಲ್ಲೇಖಗಳ ಎಣಿಕೆ ಏರುವುದನ್ನು ಕ್ರಿಕೆಟ್ ಸ್ಕೋರಿನಂತೆ ನೋಡುತ್ತಿದ್ದೆ, ನಾಚಿಕೆಯೇನಿಲ್ಲ.

"ಇವತ್ತ ಎಲ್ಲಿ ಅದೀನಿ ನಾ?" ಎಂದು ಪ್ರಬುದ್ಧ ಫೋನಿನಲ್ಲಿ ಕಾಡುತ್ತಿದ್ದ. ಅಷ್ಟೊತ್ತಿಗೆ ನಮ್ಮ ನಡುವೆ 'ಮೇಡಂ' ಹೋಗಿ 'ನೀ' ಬಂದಿತ್ತು.

"ಜಪಾನಿನಾಗ."

"ಅದಕ್ಕ ನೋಡು, ಕನಸಿನ್ಯಾಗ ತಿಳೀಲಾರದ ಮಾತು ಕೇಳಸ್ತಿತ್ತು."

ಅವನು ನಗುತ್ತಿದ್ದ. ನನಗೆ ಮಾತ್ರ ಮೈಮೇಲಿನ ರೋಮ ಎದ್ದು ನಿಲ್ಲುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಚೊಳಚಗುಡ್ಡದ ಬನಶಂಕರಿ ಹೊಂಡದ ಮೆಟ್ಟಿಲ ಮೇಲೆ ಕೂತಿದ್ದೆವು. ಅವನು ಏನು ಕೇಳಲು ಬಂದಿದ್ದಾನೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ನೀರು ನೋಡುತ್ತಿದ್ದೆ. ಅವನ ಕಣ್ಣು ನನ್ನ ಕಿವಿಯೋಲೆಯಿಂದ ಕೆನ್ನೆಗಿಳಿದು ಅಲ್ಲೇ ನಿಂತಿತ್ತು.

"ಶುಭದಾ..."

ಅಷ್ಟರಲ್ಲಿ ಅಲರ್ಟ್ ಬಂತು.

ವಿದೇಶದ ಒಂದು ತಂಡ ನಾನು ಕಳಿಸಿದ ಕೋಶಗಳನ್ನು ಬೇರೆ ಯಾರೂ ಇಡದಷ್ಟು ಕಾಲ ಬದುಕಿಸಿಟ್ಟಿತ್ತು. ಅವು ಬಾಡುತ್ತಿದ್ದವು. ಈ ದಾನಿ ಆರೋಗ್ಯವಂತನಲ್ಲ, ಅವನ ಜೀನಿನಲ್ಲೇ ದೋಷವಿದೆ, ನಡುವಯಸ್ಸಿನಲ್ಲಿ ಕೈಕಾಲು ಹಿಡಿತ ತಪ್ಪುವ ರೋಗ ಅವನಿಗೆ ಕಾದಿದೆ ಎಂದು ಬರೆದಿದ್ದರು. ದಾನಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ದಾನಿ ನನ್ನ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ.

"ಮತ್ತ ನಂದ ಸುದ್ದಿ ಏನು?" ಎಂದು ನಕ್ಕ.

ದೂರದ ಯಾವುದೋ ತಟ್ಟೆಯಲ್ಲಿ ಇವನು ಆಗಲೇ ಮುದುಕನಾಗಿದ್ದ.

ಸುಮ್ಮನಿದ್ದರೆ ಎಷ್ಟೋ ವರ್ಷ ಸುಖವಾಗಿ ಇರಬಹುದಿತ್ತು. ಹೇಳಿದರೆ ಇವನು ನನ್ನ ಒಳ್ಳೆಯದಕ್ಕೆಂದೇ ನನ್ನನ್ನು ಬಿಟ್ಟು ಹೋಗುತ್ತಾನೆ, ಅಂಥ ಮನುಷ್ಯ. ಆದರೆ ಇಷ್ಟು ದೊಡ್ಡ ಸುದ್ದಿ ಹೊಟ್ಟೆಯಲ್ಲಿಟ್ಟುಕೊಂಡು ಅವನ ಪಕ್ಕ ದಿನಾ ಮಲಗುವುದು ನನ್ನಿಂದಾಗದು. ಎಲ್ಲ ಹೇಳಿಬಿಟ್ಟೆ.

ಅವನು ಸುಲಿದ ಶೇಂಗಾ ಮೆಟ್ಟಿಲ ಮೇಲಿಟ್ಟ.

"ನಾ ಕೇಳಾಕ ಬಂದಿದ್ದನ್ನ ಇನ್ನ ಕೇಳೂದಿಲ್ಲ. ನೀ ಮನಿಗೆ ಹೋಗು."

ನನಗೆ ಸಿಟ್ಟು ನೆತ್ತಿಗೇರಿತು. "ಹೋಗೂದಿಲ್ಲ. ನಿನ್ನ ನಿರ್ಧಾರ ನೀ ಮಾಡು, ನಂದು ನಾ ಮಾಡ್ತೇನಿ!"

ಅವನು ನನ್ನನ್ನೇ ನೋಡಿದ. "ಹಂಗಾರ ಮೊದಲ ಆ ಕೋಶಗಳನ್ನ ತೋರಸು."

ಬಾಗಲಕೋಟೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಲ್ಯಾಬ್ ಖಾಲಿಯಿತ್ತು. ನನ್ನ ತಟ್ಟೆಯ ಕೋಶಗಳು ಇನ್ನೂ ಎಳೆಯವು, ಬಾಡಿರಲಿಲ್ಲ. ಸೂಕ್ಷ್ಮದರ್ಶಕದ ಪರದೆಯ ಮೇಲೆ ಒಂದು ನರಕೋಶ ಹಸಿರು ಚುಕ್ಕೆಯಾಗಿ ಮಿನುಗಿತು, ಆಮೇಲೆ ಪಕ್ಕದ್ದು, ಆಮೇಲೆ ಎಲ್ಲವೂ ಒಮ್ಮೆಲೇ.

"ನಾ ಬಂದೇನಿ ಅಂತ ಗೊತ್ತಾತೇನ ಇವಕ್ಕ?"

ಇಲ್ಲ ಎಂದು ಹೇಳಬೇಕಾದವಳು ನಾನೇ. ಬದಲಿಗೆ ನಾನೂ ಆ ಚುಕ್ಕೆಗಳನ್ನೇ ನೋಡಿದೆ.

"ನೀ ಬ್ಯಾಡ ಅಂದ್ರ ಎಲ್ಲಾ ಲ್ಯಾಬಿನಾಗೂ ಇವನ್ನ ನಾಶ ಮಾಡಸ್ತೇನಿ," ಎಂದೆ. "ನನ್ನ ಪೇಪರ್ ತಪ್ಪೈತಿ ಅಂತ ನಾಳೆ ಹೆಂಗೂ ಬರೀಬೇಕು."

"ಬದುಕಿರ್ಲಿ ಬಿಡು. ಔಷಧ ಏನರ ಸಿಕ್ಕರ ಮೊದಲ ಇವಕ್ಕ ಸಿಗತೈತಿ." ಸ್ವಲ್ಪ ತಡೆದು ಕೇಳಿದ, "ನಾವು ಮಾತಾಡೂದು ಇವಕ್ಕ ಕೇಳಸತೈತೇನ?"

"ಕಿವಿ ಎಲ್ಲಿ ಅದಾವ ಅವಕ್ಕ?"

ಅವನಿಗೆ ನಂಬಿಕೆ ಬರಲಿಲ್ಲ. ಪರದೆಗೆ ಬೆನ್ನು ಮಾಡಿ, ನನ್ನ ಕಿವಿಯ ಹತ್ತಿರ ಬಾಯಿ ತಂದು, ಉಸಿರಿನಷ್ಟೇ ಸಣ್ಣ ದನಿಯಲ್ಲಿ ಕೇಳಿದ:

"ಇಷ್ಟೆಲ್ಲಾ ಗೊತ್ತಾದ ಮ್ಯಾಲೂ ಮದುವಿ ಆಗ್ತೀಯೇನ?"

ಅವಕ್ಕೂ ಕೇಳಲಿ ಎಂದು ನಾನು ಜೋರಾಗಿಯೇ ಹೇಳಿದೆ:

"ಆಗ್ತೇನಿ."