ಹನ್ನೆರಡನೆಯ ಪಂಜರ

ಬಹಳ ಹಿಂದೆ, ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಜಗಳ ಇನ್ನೂ ಶುರುವಾಗದ ಕಾಲದಲ್ಲಿ, ನವಿಲುಗಲ್ಲು ಎಂಬ ರಾಜ್ಯವಿತ್ತು. ಅಲ್ಲಿನ ಅರಸನಿಗೆ ಎದುರುಮಾತು ಕಂಡರಾಗದು. ದೊಡ್ಡವರು ಏನೇ ಹೇಳಲಿ, ಮಕ್ಕಳು 'ಹೂಂ' ಎನ್ನಬೇಕು. 'ಊಹೂಂ' ಅಂದ ಬಾಯಿಗೆ ಒಂದು ಲೋಟ ಬೇವಿನ ರಸ. ಇದು ಅವನ ಕಟ್ಟಳೆ. ದೊಡ್ಡವರಿಗೆ ಇದಕ್ಕಿಂತ ಸುಖ ಬೇರೆ ಉಂಟೆ?

ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಕಾಡಂಚಿನ ಮಾಂತ್ರಿಕ ಬುರುಡೆರಾಯ. ಅವನು ಯಾರ ರೂಪವನ್ನಾದರೂ ತಾಳಬಲ್ಲ. ಒಂದು ಮಗುವಿನ ಬಾಯಿಂದ ಮೂರು ಸಲ 'ಹೂಂ' ಅನ್ನಿಸಿ, ಅದನ್ನು ಸೊಂಟದ ಸೋರೆಬುರುಡೆಯಲ್ಲಿ ತುಂಬಿಕೊಂಡರೆ ಸಾಕು, ಆ ಮಗು ಗೊರವಂಕ ಹಕ್ಕಿಯಾಗಿ ಅವನ ಪಂಜರ ಸೇರುತ್ತಿತ್ತು. ಹೀಗೆ ಹನ್ನೊಂದು ಮಕ್ಕಳು ಕಾಣೆಯಾದರು. ಊರವರು ಕೆರೆ ಬಾವಿ ಜಾಲಾಡಿದರು, ಕೊನೆಗೆ ಹುಲಿಯ ಮೇಲೆ ತಪ್ಪು ಹೊರಿಸಿ ಕೂತರು. ಪಾಪ, ಹುಲಿಗೆ ಏನೂ ಗೊತ್ತಿರಲಿಲ್ಲ.

ಆ ಊರಿನಲ್ಲಿ ಬಿದಿರಿನ ಬುಟ್ಟಿ ಹೆಣೆಯುವ ಕೆಂಚವ್ವನಿಗೆ ಎಂಟು ವರ್ಷದ ಮಗಳಿದ್ದಳು, ಹೆಸರು ಸಂಪಿ. ಹೂಂ ಎನ್ನುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಒಂದು ದಿನ ಸಂತೆಯಲ್ಲಿ ದೊಡ್ಡ ಮೀಸೆಯವನೊಬ್ಬ ಸಂಪಿಯ ಕೈಗೆ ಬತ್ತಾಸು ಹಾಕಿದ. "ನಾನು ನಿಮ್ಮವ್ವನ ತವರೂರಿನವನು, ನಿಂಗೆ ಮಾವ ಆಗಬೇಕು. ತಿನ್ನು. ಅವ್ವಂಗೆ ಮಾತ್ರ ಹೇಳಬೇಡ, ಹೂಂ?" ಎಂದ.

"ಹೂಂ" ಎಂದಳು ಸಂಪಿ. ಬತ್ತಾಸು ಸಿಹಿಯಾಗಿತ್ತು, ಆದರೂ ಯಾಕೋ ಅರ್ಧ ತಿಂದು ಉಳಿದದ್ದನ್ನು ಎಸೆದಳು.

ದೂರದ ನೆಂಟರೊಡನೆ ಮಾತಾಡಲೆಂದು ಅರಸ ಮನೆಮನೆಗೂ ಒಂದೊಂದು ಮಾಯಾಗನ್ನಡಿ ಕೊಟ್ಟಿದ್ದ. ಮರುವಾರ ಆ ಕನ್ನಡಿಯಲ್ಲಿ ಸಂಪಿಯಷ್ಟೇ ವಯಸ್ಸಿನ ಹುಡುಗಿಯೊಬ್ಬಳು ಕಾಣಿಸಿಕೊಂಡಳು. "ನಾನು ನಿನ್ನ ಗೆಳತಿ ಕಣೇ. ನಿನ್ನ ಮನೆ ಎಲ್ಲಿ? ಯಾವ ದಾರೀಲಿ ಮಠಕ್ಕೆ ಓದೋಕೆ ಹೋಗ್ತೀಯ?" ಎಂದು ಕೇಳಿದಳು. ಸಂಪಿ ಎಲ್ಲ ಹೇಳಿದಳು. "ಇದು ನಮ್ಮಿಬ್ಬರ ಗುಟ್ಟು. ಅವ್ವಂಗೆ ಹೇಳಬೇಡ, ಹೂಂ?"

"ಹೂಂ" ಎಂದಳು ಸಂಪಿ. ಆ ಕ್ಷಣ ಅವಳ ಕಿವಿಯ ಹಿಂದೆ ಒಂದು ಕಂದು ಗರಿ ಮೂಡಿತು.

ಅಂದಿನಿಂದ ಸಂಪಿಗೆ ಊಟ ಸೇರದಾಯಿತು. ಗರಿಯನ್ನು ಕೂದಲಿನಿಂದ ಮುಚ್ಚಿಕೊಂಡು ಓಡಾಡಿದಳು. ಹೇಳಿದರೆ ಅವ್ವ ಬಾರಿಸುತ್ತಾಳೆ ಎಂಬ ಭಯ ಅವಳಿಗೆ.

ಒಂದು ಸಂಜೆ ಕೆಂಚವ್ವ ಪಂಜರವೊಂದನ್ನು ಹೆಣೆಯುತ್ತ ಕೂತಿದ್ದಳು. ಸಂಪಿ ಬಿದಿರ ಸೀಳು ಎತ್ತಿಕೊಡುತ್ತ ಕೇಳಿದಳು: "ಯಾರಿಗವ್ವ ಇದು?"

"ಅದ್ಯಾರೋ ಹೊಸ ಗಿರಾಕಿ. ಆಗಲೇ ಹನ್ನೊಂದು ಒಯ್ದವ್ನೆ. ನಾಳೆ ಹನ್ನೆರಡನೇದು ಬೇಕೇ ಬೇಕಂತೆ. ಸೊಂಟದಾಗೆ ಯಾವಾಗಲೂ ಒಂದು ಸೋರೆಬುರುಡೆ."

ಸಂಪಿಯ ಕೈಯಿಂದ ಸೀಳು ಜಾರಿತು. "ಅವ್ವಾ, ಬತ್ತಾಸು ಕೊಟ್ಟೋನ ಸೊಂಟದಾಗೂ ಅದೇ ಬುರುಡೆ ಇತ್ತು."

"ಯಾರದೋ ಕೈಯಿಂದ ಬತ್ತಾಸು ತಿಂದ್ಯಾ?" ಕೆಂಚವ್ವನ ಕೈ ಮೇಲೆದ್ದಿತು. ಮಗಳು ಮುದುರಿಕೊಂಡಳು. ಆಗ ಕೂದಲು ಸರಿದು ಗರಿ ಕಂಡಿತು. ಎತ್ತಿದ ಕೈ ಹಾಗೇ ಇಳಿದು ಮಗಳ ತಲೆಯ ಮೇಲೆ ಕೂತಿತು. "ಹೇಳು ಮಗ. ಹೊಡೆಯಲ್ಲ. ಎಲ್ಲಾನೂ ಹೇಳು."

ಸಂಪಿ ಹೇಳಿದಳು. ಸಂತೆಯದ್ದು, ಕನ್ನಡಿಯದ್ದು, ಒಂದೂ ಬಿಡದೆ. ಹೇಳಿ ಮುಗಿಸುವಷ್ಟರಲ್ಲಿ ಗರಿ ತಾನಾಗಿ ಉದುರಿತು. ಕೆಂಚವ್ವ ಹನ್ನೊಂದು ಪಂಜರಗಳನ್ನೂ ಹನ್ನೊಂದು ಮಕ್ಕಳನ್ನೂ ನೆನೆದು, ಮಡಿಲಲ್ಲಿದ್ದ ಪಂಜರವನ್ನು ಕೆಳಗಿಟ್ಟಳು. ತನ್ನ ಕೈಯಿಂದಲೇ ತನ್ನ ಮಗಳಿಗೆ ಪಂಜರ ಹೆಣೆಯುತ್ತಿದ್ದಳಲ್ಲ!

"ತಪ್ಪು ನಿಂದಲ್ಲ ಕಂದ" ಎಂದಳು. "ಎಲ್ಲಕ್ಕೂ ಹೂಂ ಅನ್ನು ಅಂತ ಕಲಿಸಿದೋಳು ನಾನು. ಇನ್ನು ಕೇಳು. ಮುಖ ಯಾರದಾದರೂ ಇರಲಿ, 'ಅವ್ವಂಗೆ ಹೇಳಬೇಡ' ಅಂದನೋ, ಅವನು ಆ ಬುರುಡೆಯವನೇ. ಊಹೂಂ ಅಂದು ಕಿರುಚಿಬಿಡು."

"ನಿಜವಾಗಿ ದೊಡ್ಡವರೇ ಆಗಿದ್ರೆ? ಬೇವಿನ ರಸ ಕುಡಿಸ್ತಾರೆ."

"ನಿನ್ನ ಪಾಲಿನ ರಸ ನಾನು ಕುಡೀತೀನಿ."

ಬೆಳಿಗ್ಗೆ ಕೆಂಚವ್ವ ಸಾಕ್ಷಿಗೆಂದು ಆ ಪಂಜರವನ್ನು ಕಂಕುಳಲ್ಲಿಟ್ಟುಕೊಂಡು ಮಗಳ ಕೈ ಹಿಡಿದು ಮಠಕ್ಕೆ ಹೋದಳು. ಸಂಪಿಯನ್ನು ಅಂಗಳದಲ್ಲಿ ಮಕ್ಕಳ ನಡುವೆ ಬಿಟ್ಟು, ಪಾಠ ಹೇಳುವ ಐಗಳಿಗೆ ವಿಷಯ ತಿಳಿಸಲು ಒಳಗೆ ಹೋದಳು. ಅಷ್ಟರಲ್ಲಿ ಗೋಡೆಯ ಮಗ್ಗುಲಿನಿಂದ ಐಗಳೇ ಬಂದರು. ಅದೇ ಬಿಳಿ ಗಡ್ಡ, ಅದೇ ಬೆತ್ತ.

"ಸಂಪಿ, ಹಿಂದಿನ ಉಗ್ರಾಣಕ್ಕೆ ಬಾ. ಹೊಸ ಬಳಪ ಕೊಡ್ತೀನಿ" ಎಂದರು. ಸಂಪಿ ಹೆಜ್ಜೆ ಎತ್ತಿಯೇಬಿಟ್ಟಳು. "ಅವ್ವಂಗೆ ಹೇಳಬೇಡ, ಹೂಂ?"

ಎತ್ತಿದ ಹೆಜ್ಜೆ ನಿಂತಿತು. ಹುಟ್ಟಿದಾಗಿನಿಂದ ಆಡದ ಮಾತು, ನಾಲಿಗೆ ಹೊರಳಲಿಲ್ಲ. "ಊಹೂಂ" ಎಂದಳು, ಅದು ಅವಳಿಗೇ ಕೇಳಿಸಲಿಲ್ಲ. ಐಗಳು ಬೆತ್ತ ಎತ್ತಿದರು. "ಊಹೂಂ" ಎಂದಳು, ಪಕ್ಕದ ಮಕ್ಕಳಿಗೆ ಕೇಳಿಸಿತು. ಐಗಳು ಅವಳ ಕೈ ಹಿಡಿದೆಳೆದರು. "ಊಹೂಂ!" ಎಂದು ಕಿರುಚಿದಳು. ಮಠದ ಹೆಂಚುಗಳು ಗಡಗಡ ಎಂದವು.

ನಿಜವಾದ ಐಗಳು ಹೊರಗೆ ಓಡಿಬಂದರು, ಹಿಂದೆಯೇ ಕೆಂಚವ್ವ. ಮೂರನೆಯ ಊಹೂಂಗೆ ಮಾಯೆ ಮುರಿದು ಸುಳ್ಳು ಗಡ್ಡ ಉದುರಿತು, ಶಾಲಿನಡಿಯ ಬುರುಡೆ ನೆಲಕ್ಕೆ ಬಿದ್ದು ಒಡೆಯಿತು. ಬುರುಡೆರಾಯ ಕುಗ್ಗಿ ಕುಗ್ಗಿ ಗೇಣುದ್ದದ ಓತಿಕೇತವಾದ. ಕೆಂಚವ್ವ ತಡಮಾಡಲಿಲ್ಲ, ಪಂಜರ ಕವುಚಿ ಬಾಯಿ ಹೆಣೆದುಬಿಟ್ಟಳು. ಅವನು ಒಳಗೆ ಬಣ್ಣ ಬದಲಿಸುತ್ತ, ಹೂಂ ಹೂಂ ಎಂಬಂತೆ ತಲೆ ಆಡಿಸುತ್ತ ಕೂತ. ಇವತ್ತಿಗೂ ಓತಿಕೇತಗಳು ತಲೆ ಆಡಿಸುವುದು ಅದಕ್ಕೇ.

ಅತ್ತ ಕಾಡಂಚಿನಲ್ಲಿ ಹನ್ನೊಂದು ಪಂಜರಗಳು ಒಡೆದವು. ಹನ್ನೊಂದು ಮಕ್ಕಳು ಮೈಮೇಲಿನ ಗರಿ ಕೊಡವುತ್ತ, ಹಸಿವು ಹಸಿವು ಎನ್ನುತ್ತ ಊರಿಗೆ ಓಡಿಬಂದರು. ಆ ದಿನ ಅತ್ತಷ್ಟು ಊರು ಯಾವತ್ತೂ ಅತ್ತಿರಲಿಲ್ಲ, ನಕ್ಕಷ್ಟು ನಕ್ಕಿರಲೂ ಇಲ್ಲ. ಅರಸ ನಾಚಿ ತನ್ನ ಕಟ್ಟಳೆಯನ್ನು ಹರಿದುಹಾಕಿದ. ಮಾಡಿಟ್ಟಿದ್ದ ಬೇವಿನ ರಸವನ್ನು ಏನು ಮಾಡುವುದೆಂದು ಮಂತ್ರಿ ಕೇಳಿದಾಗ, ಮುಖ ಹಿಂಡಿಕೊಂಡು ತಾನೇ ಕುಡಿದ.

ಅಂದಿನಿಂದ ನವಿಲುಗಲ್ಲಿನಲ್ಲಿ ಹೊಸ ಪದ್ಧತಿ ಬಂತು. ದೀಪ ಹಚ್ಚುವ ಹೊತ್ತಿಗೆ ದೊಡ್ಡವರು ಕೈಕೆಲಸ ಕೆಳಗಿಟ್ಟು, ಇವತ್ತು ಏನೇನಾಯಿತು ಎಂದು ಮಕ್ಕಳನ್ನು ಕೇಳಬೇಕು. ಸಂಪಿಯಂತೂ ಮುದ್ದೆ ಆರಿದರೂ ಮಾತು ಮುಗಿಸುತ್ತಿರಲಿಲ್ಲ. ಕೆಂಚವ್ವ ಬಿದಿರು ಕತ್ತಿಯನ್ನು ಬದಿಗಿಟ್ಟು, ಮಗಳ ಮುಖ ನೋಡುತ್ತ, ಪ್ರತಿ ಮಾತಿಗೂ 'ಹೂಂ... ಹೂಂ...' ಎನ್ನುತ್ತಿದ್ದಳು.