ನೌಕೆಯೊಳಗಿನ ಎರಡು ಬಡಿತ

ಬಾಹ್ಯಾಕಾಶ ನೌಕೆಯ ಬಗ್ಗೆ ಬರೆಯುವಷ್ಟು ನಾನು ಓದಿಲ್ಲ. ತಿಳಿದವರು ನಗಬಹುದು. ಆದರೂ ಜಿನಶ್ರೀಯ ಈ ಕಥೆಯನ್ನು ಹೇಳದೆ ಇರಲಾಗುತ್ತಿಲ್ಲ... ಎಲ್ಲಾದರೂ ತಪ್ಪಿದ್ದರೆ ದಯವಿಟ್ಟು ಕ್ಷಮಿಸಿ.

"ಯಾರ್ರೀ ಅದು, ಲಾರಿ ಮೇಲೆ ಹತ್ತಿರೋದು? ಇಳೀರಿ ಕೆಳಗೆ! ಲೈನ್ ಇನ್ನೂ ಆಫ್ ಆಗಿಲ್ಲ!"

ಜಿನಶ್ರೀಯ ಕೂಗಿಗೆ ಆ ಯುವಕ ಬೆಚ್ಚಿ ಕೆಳಗೆ ಹಾರಿದ. ಅವನ ತಲೆಗೂ ಕರೆಂಟ್ ತಂತಿಗೂ ನಡುವೆ ಒಂದು ಮಾರು ಅಂತರವೂ ಇರಲಿಲ್ಲ.

ಅವಳು ಹಳೇಬೀಡಿನ ವಿದ್ಯುತ್ ಕಚೇರಿಯ ಜೂನಿಯರ್ ಎಂಜಿನಿಯರ್. ಬಾಹ್ಯಾಕಾಶಕ್ಕೆ ಹೋಗಿ ಸಮುದ್ರಕ್ಕಿಳಿದಿದ್ದ ನೌಕೆಯೊಂದನ್ನು ಬೇಲೂರಿನ ಕಡೆಯಿಂದ ಅರಸೀಕೆರೆ ಮಾರ್ಗವಾಗಿ ಪರೀಕ್ಷಾ ಕೇಂದ್ರಕ್ಕೆ ಲಾರಿಯಲ್ಲಿ ಸಾಗಿಸುತ್ತಿದ್ದರು. ಬಸ್ತಿಹಳ್ಳಿಯಲ್ಲಿ ರಸ್ತೆಗೆ ಅಡ್ಡವಾಗಿದ್ದ ತಂತಿಗಳನ್ನು ಕರೆಂಟ್ ತೆಗೆದು ಮೇಲೆತ್ತಿದರೆ ಮಾತ್ರ ಅದು ದಾಟುತ್ತಿತ್ತು.

"ಪ್ರಾಣ ಉಳಿಸಿದ್ರಿ," ಎಂದ ಅವನು. "ನಾನು ರಾಜಶೇಖರ್. ನೌಕೆಯ ಜೊತೆ ಬಂದಿರೋ ಎಂಜಿನಿಯರ್. ಅರಸೀಕೆರೆಯವನೇ."

"ಆಕಾಶಕ್ಕೆ ಹೋಗೋರು ನಮ್ಮ ಲೈನಿಗೆ ಸಿಕ್ಕಿ ಸತ್ರೆ ನನ್ನ ಸಸ್ಪೆಂಡ್ ಮಾಡ್ತಾರೆ!"

ಅವನು ನಕ್ಕ. ಆ ನಗು... ಜಿನಶ್ರೀ ಮುಖ ತಿರುಗಿಸಿಕೊಂಡಳು.

ಸೂರ್ಯ ಮುಳುಗಿದ. ಕರೆಂಟ್ ತೆಗೆದರು. ಮನೆಗಳ ದೀಪ, ಬಸದಿಯ ಮುಂದಿನ ದೀಪ, ಎಲ್ಲ ಒಟ್ಟಿಗೆ ಆರಿದವು. ನಾಯಿಗಳೂ ಸುಮ್ಮನಾದವು.

ಆಗ ಟಾರ್ಪಾಲಿನ ಒಳಗಿನಿಂದ...

ಟಕ್... ಟಕ್...

"ಮೇಡಂ!" ಲೈನ್‌ಮನ್ ಚನ್ನಕೇಶವ ಕಂಬದ ಮೇಲಿಂದಲೇ ಕೂಗಿದ. "ಅದ್ರೊಳಗೆ ಯಾರೋ ಅವ್ರೆ ಕಣ್ರೀ!"

"ಯಾರೂ ಇಲ್ಲ," ಎಂದ ರಾಜಶೇಖರ್. "ಈ ಸಲ ಬರೀ ಬೊಂಬೆ ಕೂರಿಸಿ ಕಳಿಸಿದ್ವಿ. ಅದನ್ನೂ ತೆಗೆದಾಯ್ತು."

ಜಿನಶ್ರೀ ಟಾರ್ಪಾಲಿನ ಸಂದಿಯಲ್ಲಿ ಕೈಯಿಟ್ಟಳು. ಸುಟ್ಟು ಕಪ್ಪಾದ ಮೈ. ಭೂಮಿಗೆ ಬಂದು ತಿಂಗಳಾಗಿದ್ದರೂ ಇನ್ನೂ ಬೆಚ್ಚಗಿತ್ತು! ಯಾಕೋ ಎರಡು ಸಲ ಬಡಿದಳು.

ಒಳಗಿನಿಂದಲೂ ಎರಡು ಸಲ ಬಡಿತ ಕೇಳಿತು.

"ನಿಮಗೂ ಕೇಳಿಸ್ತಾ?" ರಾಜಶೇಖರ್ ಪಿಸುಗುಟ್ಟಿದ. "ಬಂದರಿನಲ್ಲೂ ಹೀಗೇ ಆಯ್ತು..."

"ಮೇಲಿನವರಿಗೆ ತಿಳಿಸಿದ್ರಾ?"

"ಹೇಗೆ ತಿಳಿಸ್ಲಿ? ಒಮ್ಮೆ ಬೆಂಕಿ ದಾಟಿ ಬಂದದ್ದನ್ನ ಮತ್ತೆ ಕಳಿಸೋದು ಹೊಸದು ಮಾಡೋದಕ್ಕಿಂತ ಕಷ್ಟ ಕಣ್ರೀ. ಎಲ್ಲಿ ಬಿರುಕು ಬಿಟ್ಟಿದೆಯೋ ಹೊರಗೆ ಕಾಣಲ್ಲ. ಸದ್ದಿನ ಸುದ್ದಿ ಎತ್ತಿದ್ರೆ ಎಲ್ಲಾ ನಿಂತುಹೋಗುತ್ತೆ. ಮುಂದಿನ ಸಲ ಇದರಲ್ಲಿ ಇಬ್ಬರು ಮನುಷ್ಯರು ಹೋಗ್ತಾರೆ. ಅವರಲ್ಲಿ ನಾನೊಬ್ಬ."

"ಆ ಇನ್ನೊಬ್ಬರಿಗೆ ಮನೇಲಿ ಕಾಯೋರು ಯಾರೂ ಇಲ್ವಾ?"

ಅವನು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಅವಳತ್ತ ಚಾಚಿದ.

"ಬೇಡ," ಎಂದು ಅವಳು ಹಿಂದೆ ಸರಿದಳು. ಅವನ ಮುಖ ಸಣ್ಣದಾಯಿತು.

ಲಾರಿ ಹೊರಟುಹೋಯಿತು.

ಲೈನಿನ ಕೆಲಸಕ್ಕೆಂದು ಅವನ ನಂಬರ್ ಅವಳ ಬಳಿ ಇತ್ತು. 'ತಿಳಿಸಿದ್ರಾ?' ಎಂದು ಮೆಸೇಜ್ ಹಾಕಿದಳು. ಅವನು ಓದಿದ. ಉತ್ತರ ಬರಲಿಲ್ಲ. ಆಸೆಗೆ ಬಿದ್ದು ಸುಮ್ಮನಾದನೇ? ಅದರಲ್ಲೇ ಕೂತು ಹೋಗಿಬಿಟ್ಟರೆ...?

ಊರಲ್ಲಿ ಕರೆಂಟ್ ಹೋದಾಗಲೆಲ್ಲ ಅವಳಿಗೆ ಆ ಸದ್ದು ಕೇಳಿಸುತ್ತಿತ್ತು. ಟಕ್... ಟಕ್... ಅವ್ವನಿಗೆ ಮಾತ್ರ ಕೇಳಿಸುತ್ತಿರಲಿಲ್ಲ.

ಬೇಸಿಗೆ ಕಾಲಿಡುವ ಹೊತ್ತಿಗೆ ಅದೇ ಲಾರಿ ನೌಕೆ ಹೊತ್ತು ವಾಪಸ್ ಬಂತು, ಈ ಸಲ ಅರಸೀಕೆರೆ ಕಡೆಯಿಂದ. ಬಿಸಿಲಿನ್ನೂ ಇಳಿದಿರಲಿಲ್ಲ. ಮೊದಲು ಕೆಳಗಿಳಿದವನು ರಾಜಶೇಖರ್! ಸೊರಗಿದ್ದ. ಆದರೆ ಜೀವಂತವಾಗಿದ್ದ.

"ಬದುಕಿದ್ದೀರಾ? ಒಂದು ಉತ್ತರ ಕೊಡೋಕೆ ಆಗ್ಲಿಲ್ವಾ?" ಅವಳ ಕಣ್ಣು ತುಂಬಿತು.

"ತಿಳಿಸಿದೆ, ಜಿನಶ್ರೀ. ಅವತ್ತೇ ತಿಳಿಸಿದೆ. ಬಿಚ್ಚಿ ನೋಡಿದ್ರು. ಶಾಖ ತಡೆಯೋ ಹೊದಿಕೆಯ ಕೆಳಗೆ ಕೂದಲೆಳೆಯಷ್ಟು ಬಿರುಕು ಇತ್ತು. ಹೋಗಿದ್ರೆ ಇಬ್ಬರೂ ಉಳೀತಿರಲಿಲ್ಲ."

"ಮತ್ತೆ... ನಿಮ್ಮ ಸೀಟು?"

"ಒಳಗಿಂದ ಯಾರೋ ಬಡಿದ್ರು ಅಂದವನಿಗೆ ಯಾರು ಸೀಟು ಕೊಡ್ತಾರೆ? ತಲೆ ಪರೀಕ್ಷೆ ಮಾಡಿಸಿದ್ರು. ಯಾವ ಮುಖ ಇಟ್ಕೊಂಡು ನಿಮಗೆ ಹೇಳ್ಲಿ? ನೀವು ನಾನು ಕೊಟ್ಟ ಟೀ ಕೂಡ ಮುಟ್ಟಿರಲಿಲ್ಲ..."

"ಅಯ್ಯೋ! ಸೂರ್ಯ ಮುಳುಗಿತ್ತು ಕಣ್ರೀ! ಕತ್ತಲಾದ್ಮೇಲೆ ನಾವು ಏನೂ ತಗೊಳ್ಳಲ್ಲ!"

"ಗೊತ್ತಾಯ್ತು. ಮೊನ್ನೆ ಲೈನ್ ವಿಷಯಕ್ಕೆ ಫೋನ್ ಮಾಡಿದಾಗ ಚನ್ನಕೇಶವ ಬೈದ. 'ಜೈನ್ರ ಮನೆ ಹುಡ್ಗಿಗೆ ಕತ್ತಲಲ್ಲಿ ಟೀ ಕೊಟ್ರೆ ಕುಡೀತಾರೇನ್ರೀ, ಅಷ್ಟೂ ತಿಳೀದಾ?' ಅಂತ. ಅದಕ್ಕೇ ಈ ಸಲ ಲಾರೀನ ಬೇಗ ಹೊರಡಿಸಿದೆ."

ಅವನು ಟೀ ಬಗ್ಗಿಸಿದ. ಅವಳು ಅಳುತ್ತಲೇ ನಕ್ಕು, ಕುಡಿದಳು.

"ಈಗ ಇದು ಎಲ್ಲಿಗೆ?"

"ಮತ್ತೆ ಪರೀಕ್ಷೆಯ ಹಾರಾಟಕ್ಕೆ, ಖಾಲಿಯಾಗೇ. ಮುಂದೊಂದು ದಿನ ಇಂಥವು ಬಸ್ಸಿನ ಥರ ದಿನಾ ಹೋಗಿಬರ್ತವೆ."

"ನಮ್ಮ ಅರಸೀಕೆರೆ ಬಸ್ಸೇ ಟೈಮಿಗೆ ಬರಲ್ಲ!"

"ಬರೋ ತನಕ ನಿಮ್ಮ ಜೊತೆ ಕಾಯ್ಲಾ? ...ಜೀವನ ಪೂರ್ತಿ?"

ಅವಳು ಹೂಂ ಎಂದಳು. ಅಷ್ಟರಲ್ಲಿ ಕರೆಂಟ್ ತೆಗೆದರು. ಅವಳು ನೌಕೆಯ ಬಳಿ ಹೋಗಿ ಮೆಲ್ಲಗೆ ಎರಡು ಸಲ ಬಡಿದಳು. ಒಳಗೆ ನಿಶ್ಶಬ್ದ. ಸಮಾಧಾನದಿಂದ ಇಬ್ಬರೂ ಕೈ ಹಿಡಿದು ತಿರುಗಿದರು.

ಬೆನ್ನ ಹಿಂದೆ... ಟಕ್... ಟಕ್...

"ಕೇಳಿಸ್ತಾ?" ಎಂದ ಅವನು.

"ಕೇಳಿಸ್ತು. ಕೈ ಬಿಡಬೇಡಿ."

"ಬಿಡಲ್ಲ."

ಬಿರುಕನ್ನು ಸರಿಪಡಿಸಿಯಾಗಿತ್ತು. ಹಾಗಾದರೆ ಒಳಗಿನಿಂದ ಬಡಿದದ್ದು ಏನು? ಅವರಿಗೂ ತಿಳಿಯಲಿಲ್ಲ. ನನಗೂ ಗೊತ್ತಿಲ್ಲ.