ಸೋತವನ ಕರವಸ್ತ್ರ

ಮಗಳು ಹುಟ್ಟಿದ ದಿನ ಮಿಥುನ್ ಹೆಂಡತಿಗೆ ಮಾತು ಕೊಟ್ಟಿದ್ದ: "ಇನ್ಮೇಲೆ ಮನೆ ಬದಲಾಯ್ಸೋದಿಲ್ಲ ಮಧು, ಆಣೆ." ಕೋವಿಡ್‌ನ ಎರಡನೇ ವರ್ಷ, ಲೋಕವೆಲ್ಲ ಮನೆಯಲ್ಲೇ ಇರಿ ಎನ್ನುತ್ತಿದ್ದಾಗ, ಪರದೇಶದ ನೇಸ್ ಊರಿನ ಅವರ ಮನೆ ಮಾಲೀಕ ಫರ್ಗಲ್ ಮಾತ್ರ ಮನೆ ಬಿಡಿ ಎಂದ. ತಮ್ಮನ ಮಗನಿಗೆ ಬೇಕಂತೆ.

ಫರ್ಗಲ್‌ಗೆ ಒಂದೇ ಹುಚ್ಚು: ಗ್ಲೌಸ್ ಇಲ್ಲದ ಹಳೇ ಕಾಲದ ಬಾಕ್ಸಿಂಗ್. ಅವನ ವಂಶದ ಹಿರಿಯನೊಬ್ಬ ಇನ್ನೂರು ವರ್ಷದ ಹಿಂದೆ ಪಕ್ಕದ ಕರ್ರಾ ಬಯಲಿನಲ್ಲಿ ಗೆದ್ದವನು. ಆಗ ಸೆಣಸುವ ಇಬ್ಬರೂ ತಂತಮ್ಮ ರೇಷ್ಮೆ ಕರವಸ್ತ್ರವನ್ನು ಕಣದ ಗೂಟಕ್ಕೆ ಕಟ್ಟುತ್ತಿದ್ದರು. ಸೋತವನದು ಗೆದ್ದವನ ಪಾಲು. ಹಿರಿಯ ಹಾಗೆ ಗೆದ್ದ ಬಿಳಿ ಚುಕ್ಕೆಯ ನೀಲಿ ಕರವಸ್ತ್ರವನ್ನು ಯಾವನೋ ಕುಡುಕ ಮೊಮ್ಮಗ ಕಳೆದಿದ್ದ. "ಅದು ಸಿಕ್ಕರೆ ಏನು ಕೇಳಿದರೂ ಕೊಟ್ಟೇನು" ಎಂದು ಫರ್ಗಲ್ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಪಾಪ, ಮಿಥುನ್ ಎಂಬ ಕಳ್ಳನಿಗೂ ಹೇಳಿದ್ದ.

ಮಿಥುನ್ ಸಾಫ್ಟ್‌ವೇರ್ ಟೆಸ್ಟರ್. ಇನ್ನೊಬ್ಬರ ತಪ್ಪು ಹುಡುಕಿಯೇ ಅನ್ನ ತಿನ್ನುವವನು ತಾನು ತಪ್ಪು ಮಾಡುತ್ತಾನೆಯೇ? ಮೊದಲು ಓದಿದ. ರಿಂಗ್ ಅಂದರೂ ಕಣ ಚೌಕ. ಸುತ್ತುಗಳಿಗೆ ಗಡಿಯಾರವಿಲ್ಲ, ಒಬ್ಬ ನೆಲಕ್ಕೆ ಬಿದ್ದರೆ ಸುತ್ತು ಮುಗಿಯಿತು. ಮುಷ್ಟಿ ಗಟ್ಟಿಯಾಗಲೆಂದು ಕೈಗಳನ್ನು ಉಪ್ಪುನೀರಲ್ಲಿ ನೆನೆಸುತ್ತಿದ್ದರು. ಅಂದಮೇಲೆ ಕರವಸ್ತ್ರಕ್ಕೂ ಉಪ್ಪು ಹತ್ತಿರಬೇಕು! ಮಧುಶ್ರೀಯ ಬಿಳಿ ಚುಕ್ಕೆಯ ಹಳೇ ನೀಲಿ ರೇಷ್ಮೆ ಸೀರೆಯ ಒಳಸೆರಗು ಕತ್ತರಿಸಿ, ಅಂಚನ್ನು ಕೈಯಲ್ಲೇ ಹೊಲಿದು, ಉಪ್ಪುನೀರಲ್ಲಿ ಅದ್ದಿದ. ಆಮೇಲೆ ಹುಣಸೆನೀರಲ್ಲಿ ಕುದಿಸಿದ. ಇನ್ನೂರು ವರ್ಷ ಹಳೆಯದಾಗಲೆಂದು ವಾರವಿಡೀ ಒಲೆಯ ಮೇಲೆ ತೂಗುಹಾಕಿದ.

"ಸಾರು ಕುದ್ಸೋಕೆ ಬರದವ್ರು ಇದೇನ್ರೀ ಕುದಿಸ್ತಿದೀರಾ?" ಎಂದಳು ಮಧುಶ್ರೀ.

"ಮನೆ ಉಳಿಸ್ತಿದೀನಿ ಕಣೇ."

ಫರ್ಗಲ್ ಹಿತ್ತಲಲ್ಲಿ, ಆರಡಿ ದೂರದಲ್ಲಿ, ಮಾಸ್ಕ್ ಹಾಕಿ ನಿಂತಿದ್ದ. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತೆಂದು ಮಿಥುನ್ ಮೇಜಿನ ಮೇಲಿಟ್ಟು ಹಿಂದೆ ಸರಿದ. ಮುದುಕ ಹೊಲಿಗೆ ನೋಡಿದ, ಕಲೆ ನೋಡಿದ. ಕಣ್ಣು ತುಂಬಿತು. "ಗ್ರ್ಯಾಂಡ್" ಎಂದ. ಇನ್ನೊಂದು ವರ್ಷ, ಬೇಡ, ಐದು ವರ್ಷ ಕೇಳೋಣ ಎಂದುಕೊಂಡ ಮಿಥುನ್.

ಕರವಸ್ತ್ರಕ್ಕೆ ಮುತ್ತು ಕೊಡಲು ಫರ್ಗಲ್ ಮಾಸ್ಕ್ ಇಳಿಸಿದ. ಅಲ್ಲೇ ನಿಂತುಬಿಟ್ಟ. "ಮಿಥುನ್, ಇದಕ್ಕೆ ನನ್ನ ಬಾಡಿಗೆ ಮನೆಯ ಅಡುಗೆಕೋಣೆ ವಾಸನೆ ಯಾಕಪ್ಪಾ ಹೊಡೀತಿದೆ?" ಎಂದು ಬಟ್ಟೆಯನ್ನು ಎಸೆದ. ಮಿಥುನ್ ಎತ್ತಿಕೊಂಡು ಮೂಸಿದ. ಏನೂ ಇಲ್ಲ. ಒಂದು ವಾರದ ಇಂಗಿನ ಒಗ್ಗರಣೆ ಕುಡಿದ ಬಟ್ಟೆಯಲ್ಲಿ ಏನೆಂದರೆ ಏನೂ ಇಲ್ಲ. ಬೆಳಗಿನ ಕಾಫಿಗೂ ಮೊನ್ನೆಯಿಂದ ವಾಸನೆ ಇರಲಿಲ್ಲ. ಊರಿಂದ ಬಂದ ಪುಡಿ ಹಳೆಯದೆಂದು ಅವನು ಅಂಗಡಿಯವನನ್ನು ಬೈದುಕೊಂಡಿದ್ದ. ಮರುದಿನ ಟೆಸ್ಟರ್‌ನ ಟೆಸ್ಟ್ ಪಾಸಿಟಿವ್ ಬಂತು. ಕ್ವಾರಂಟೈನ್ ಮುಗಿದ ಮೇಲೆ ಅವರು ಮನೆ ಬದಲಾಯಿಸಿದರು.